ಉಳಿಕೆ

ಕರೆಂಟು ಹೋದದ್ದು ಎರಡು ಹತ್ತಕ್ಕೆ.
ಕಂಪ್ರೆಸರು ದೊಡ್ಡದೊಂದು ಉಸಿರು ಬಿಟ್ಟು ಸುಮ್ಮನಾಯಿತು.
ದಕ್ಕೆಯ ಐಸ್ ಪ್ಲಾಂಟಿನೊಳಗೆ
ನಾನು, ಲ್ಯಾಪ್‌ಟಾಪಿನ ನೀಲಿ, ಅಮೋನಿಯದ ಘಾಟು,
ಮತ್ತೆ ಇದಿನಬ್ಬ,
ಟಾರ್ಚು ಹಚ್ಚದೆಯೇ ನಡೆದುಹೋಗಿ
ಜನರೇಟರಿನ ಹಿಡಿಕೆ ಹುಡುಕಿಕೊಂಡವರು.

ಬರೆದುಕೊಂಡೆ: ಎರಡು ಹತ್ತರಿಂದ ಎರಡು ಹದಿನಾರು.
ಡೀಸೆಲ್ಲು ಬೇರೆ ಕಾಲಮ್ಮಿಗೆ.

ಮೂರು ವರ್ಷದಿಂದ ಇದೇ ಕೆಲಸ.
ಸುರತ್ಕಲ್ಲಿನಿಂದ ಕೊನೆಯ ಬಸ್ಸು ಹಿಡಿದು ಬಂದು
ತಂತಿಯೊಳಗಿನದು ಗಡ್ಡೆಯಾಗುವುದನ್ನು
ಗಡ್ಡೆ ಪುಡಿಯಾಗಿ ಬೋಟಿನ ಹೊಟ್ಟೆಗಿಳಿಯುವುದನ್ನು
ಹತ್ತು ದಿನ ಕಡಲಲ್ಲಿದ್ದು
ಬಂಗುಡೆಯ ಕಣ್ಣಿನ ಹೊಳಪಾಗಿ ಮರಳುವುದನ್ನು
ಸಮೀಕರಣದಲ್ಲಿ ಹಿಡಿಯುವುದು.
ಒಂದು ಯೂನಿಟ್ಟಿಗೆ ಇಷ್ಟು ಐಸು
ಇಷ್ಟು ಐಸಿಗೆ ಇಷ್ಟು ಮೀನು
ಬೈಕಂಪಾಡಿಯ ಸಿಗ್ನಲ್ಲಿನಲ್ಲಿ ಲಾರಿ ನಿಂತರೆ
ಕರಗಿದ್ದು ಇಷ್ಟು.

ಒಮ್ಮೆ ಜಲಜಕ್ಕನನ್ನು ಕೇಳಿದ್ದೆ,
ಈ ಬುಟ್ಟಿ ಎಷ್ಟು ಹೊತ್ತು ತಡೆದೀತು?
ಕಿವಿರು ಎತ್ತಿ ಬೆರಳಿಟ್ಟು ಹೇಳಿದಳು,
'ಇಗರ್ಜಿಯ ಮಧ್ಯಾಹ್ನದ ಗಂಟೆವರೆಗೆ.
ನಿನ್ನ ಯಂತ್ರ ಎಂಥ ಹೇಳ್ತದೆ ಮಾರಾಯ್ತಿ?'
ಐದು ಗಂಟೆ ಐವತ್ತು ನಿಮಿಷ, ಅಂದಿತ್ತು ಯಂತ್ರ.
ಆಗ ಬೆಳಗಿನ ಆರು ಕಳೆದು ಹತ್ತು.
ಅವಳು ನಕ್ಕಳು, 'ಅದಕ್ಕೂ ಕಿವಿ ಉಂಟು ಹಾಗಾದರೆ.'

ಎಲ್ಲ ಹೊಂದುತ್ತಿತ್ತು, ಒಂದು ಬಿಟ್ಟು.
ತಿಂಗಳಿಗೆ ಎಂಟು ಗಡ್ಡೆ, ಕೆಲವೊಮ್ಮೆ ಹನ್ನೊಂದು
ಹುಟ್ಟಿದವು, ಮಾರಾಟವಾಗಿಲ್ಲ, ಕರಗಿಯೂ ಇಲ್ಲ.
ಮೋರಿ ಅಳೆದೆ. ತಕ್ಕಡಿ ಬದಲಿಸಿದೆ.
ಇದಿನಬ್ಬರ ಮೇಲೂ ಒಂದು ವಾರ ಅನುಮಾನಪಟ್ಟೆ,
ಅವರು ಕೊಟ್ಟ ಸುಲೈಮಾನಿ ಚಾ ಕುಡಿಯುತ್ತಲೇ.
ಕಳ್ಳತನಕ್ಕಾದರೆ ಒಂದು ಕ್ರಮ ಇರುತ್ತದೆ,
ಇದಕ್ಕೆ ವಾರವಿಲ್ಲ, ಋತುವಿಲ್ಲ, ಮೀನಿನ ರೇಟಿನ ಹಂಗಿಲ್ಲ.
ಟ್ರಾಲಿಂಗ್ ನಿಷೇಧದ ಜೂನಿನಲ್ಲೂ ಒಂಬತ್ತು!
'ಕಸ ಅದು, ಗುಡಿಸಿ ಹಾಕು,' ಅಂದರು ಡಾಕ್ಟರ್ ಕೆದ್ಲಾಯರು,
'ಮನಸ್ಸು ಒಪ್ಪದಿದ್ದರೆ ಕೊನೆಗೊಂದು ಎಪ್ಸಿಲಾನ್ ಸೇರಿಸಿ
ಮುಂದೆ ಹೋಗು. ಪ್ರಬಂಧ ಮುಗಿಯಬೇಕಲ್ಲ.'

ಮೂರು ಗಂಟೆಗೆ ಆಟೋ ಬಂತು.
ಇಬ್ಬರು ಹುಡುಗರು, ಒಬ್ಬನ ಅಂಗಿ ತಿರುವುಮುರುವು.
'ಯಾವ ಮನೆ?'
'ಬೋಳಾರ.'
'ಯಾರು ಬರ್ಲಿಕ್ಕುಂಟು?'
'ಅಕ್ಕ. ಕುವೈತಿಂದ. ನಾಳೆ ಸಂಜೆ ಮುಟ್ತಾಳೆ.'
ಇದಿನಬ್ಬ ಬಾಗಿಲಾಚೆಯ ಗಾಳಿಗೆ ಅಂಗೈ ಹಿಡಿದು ನೋಡಿ,
'ಎರಡು ಸಾಲದು. ಸೆಕೆ ಉಂಟು. ಮೂರು ಬೇಕು.
ಕಾಲಿನ ಕಡೆ ಉಮಿ ಹಾಕಿ' ಅಂದರು.

ಗೋಣಿ ಸುತ್ತಿದರು. ಹಣ ತೆಗೆಯಲಿಲ್ಲ. ಬರೆಯಲಿಲ್ಲ.

'ಆಸ್ಪತ್ರೆಯ ಪೆಟ್ಟಿಗೆಗೆ ಬಾಡಿಗೆ ಕೇಳಿ ಹಿಂದೆ ಬಂದವರು ಇವರು.
ನಮ್ಮಲ್ಲಿ ಕಾಯುವ ಕ್ರಮ ಇಲ್ಲ ಟೀಚರೇ,
ಬೇಗ ಮಣ್ಣಿಗೆ ಕೊಡ್ತೇವೆ.
ಕಾಯುವವರಿಗೆ ಕೊಟ್ಟರಾಯ್ತು.'

ನಾನು ಪರದೆಯ ಕಡೆಗೆ ತಿರುಗಿ ಕೂತೆ.
ಉದ್ದ ಸಮೀಕರಣ, ತುದಿಯಲ್ಲಿ ಆ ಅಕ್ಷರ.
ಇದಿನಬ್ಬ ಹೆಗಲ ಮೇಲಿಂದ ಬಗ್ಗಿ ನೋಡಿದರು.
'ಇದು ಕನ್ನಡದ ಆರು ಅಲ್ವಾ? ಬಾಲ ಮುರಿದದ್ದು?'

ಆರು.
ದೀಪ ಆರುವುದು, ಬಿಸಿ ಆರುವುದು,
ಒದ್ದೆ ಕೆನ್ನೆ ಆರುವುದು.
ಹೌದು, ಅಂದೆ. ಆರೇ.

ಕರೆಂಟು ಇದ್ದೇ ಇತ್ತು. ಕಂಪ್ರೆಸರು ಗುಡುಗುಡಿಸುತ್ತಿತ್ತು.
ಬೆಂಗರೆಯ ಕಡೆಯಿಂದ ಯಾವುದೋ ಬೋಟಿನವರು
ನಾನೂರು ಗಡ್ಡೆ ಬೇಕೆಂದು ಕೂಗುತ್ತಿದ್ದರು.
ಆಟೋ ಹೋದಲ್ಲಿ ಸಿಮೆಂಟಿನ ಮೇಲೆ
ಹನಿ ಹನಿಯ ಗೆರೆಯೊಂದು
ಗೇಟಿನವರೆಗೆ, ಗೇಟಿನಾಚೆಗೂ.

ಅಷ್ಟು ಕರಗುವುದು
ನನ್ನ ಲೆಕ್ಕದಲ್ಲಿ ಮೊದಲೇ ಇತ್ತು.